ಸವಳು ನೀರಿನ ಗಾಜಿನ ತೊಟ್ಟಿಯಲ್ಲಿ ಉಬ್ಬುಮೀನಿನ ಮರಿಗಳ ಪೋಷಣೆ

ಸಮುದ್ರದ ಉಬ್ಬರವು ನದಿಯೊಳಕ್ಕೆ ನುಗ್ಗಿಬರುವ ಸ್ಥಳಗಳಲ್ಲಿ, ಎಂದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಮುಂತಾದ ನದಿಗಳ ಅಳಿವೆಗಳ ಸಮೀಪದಲ್ಲಿ, ಜಮೀನುಳ್ಳವರಿಗೆ ಸವಳು ನೀರಿನ ಸ್ವಭಾವವು ಹೊಸತಲ್ಲ. ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತವನ್ನು ಬೆಳೆದು, ಕೊಯ್ಲು ತೀರಿದ ಬಳಿಕ ತೂಬಿನ ಹಲಗೆಗಳನ್ನೆತ್ತಿ ಉಪ್ಪುನೀರನ್ನು ಒಳಕ್ಕೆ ಬಿಟ್ಟುಕೊಂಡು ಸಿಗಡಿ ಮೀನುಗಳನ್ನು ಹಿಡಿಯುವ ಪದ್ಧತಿಯು ಕುಮಟಾ ಸೀಮೆಯಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಅಳಿವೆಗಳ ಬಲೆಗಳಲ್ಲಿ ಒಮ್ಮೊಮ್ಮೆ ಸಿಗಡಿಯ ಜೊತೆಗೆ ಹುರುಪೆಗಳಿಲ್ಲದ, ದುಂಡು ತಲೆಯ, ಮುಟ್ಟಿದೊಡನೆ ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ಮೀನೊಂದು ಸಿಕ್ಕುವುದುಂಟು. ಮೀನುಗಾರರು ಅದನ್ನು ಬೇರೆಯಾಗಿ ಆರಿಸಿ ಎಸೆದುಬಿಡುವರು. ಇಂಗ್ಲಿಷಿನಲ್ಲಿ ಇದಕ್ಕೆ ಪಫರ್ ಎಂದು ಹೆಸರು. ಈ ಲೇಖನದಲ್ಲಿ ನಾವು ಇದನ್ನು ಉಬ್ಬುಮೀನು ಎಂದು ಕರೆಯುವೆವು.

ಈ ಮೀನಿನ ಹತ್ತಿರದ ಬಂಧುವೊಂದು ಈಗ ಪಟ್ಟಣದ ಅಲಂಕಾರಮೀನಿನ ಅಂಗಡಿಗಳಲ್ಲಿ ಮಾರಾಟಕ್ಕೆ ದೊರೆಯುವುದರಿಂದಲೂ, ಹಳ್ಳಿಯ ಮನೆಗಳ ಮಕ್ಕಳು ಅದರ ಚೆಲುವಿಗೆ ಮರುಳಾಗಿ ಕೊಂಡು ತರುವುದರಿಂದಲೂ, ತಂದ ಮರಿಗಳಲ್ಲಿ ಬಹುಭಾಗವು ಕೆಲವು ವಾರಗಳಲ್ಲೇ ಸಾಯುವುದರಿಂದಲೂ, ಅದನ್ನು ಸಾಕುವ ಸರಿಯಾದ ಕ್ರಮವನ್ನು ಇಲ್ಲಿ ತಿಳಿಸಲಾಗಿದೆ. ಗಾಜಿನ ತೊಟ್ಟಿಯ ಮೀನಿಗೂ ಜಮೀನುದಾರರಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಗಜನಿಯಲ್ಲಾಗಲಿ ಸಿಗಡಿ ಹೊಂಡದಲ್ಲಾಗಲಿ ನೀರು ಕೆಡುವುದು ಯಾವ ಕಾರಣಗಳಿಂದಲೋ ಈ ತೊಟ್ಟಿಯಲ್ಲಿಯೂ ಅದೇ ಕಾರಣಗಳಿಂದಲೇ. ಹೊಂಡದಲ್ಲಿ ಕಣ್ಣಿಗೆ ಕಾಣದೆ ನಡೆಯುವುದು ಇಲ್ಲಿ ಕಣ್ಣೆದುರಿಗೇ ನಡೆಯುತ್ತದೆ. ಅದಲ್ಲದೆ ಉಬ್ಬುಮೀನಿನ ಕುಲಕ್ಕೆ ಸೇರಿದ ಒಂದು ವಿಷದ ಸಂಗತಿಯಿದೆ. ಅದನ್ನು ಗ್ರಾಮದ ಯಜಮಾನರು ಅವಶ್ಯವಾಗಿ ಅರಿತಿರಬೇಕಾಗಿದೆ. ಅದನ್ನು ಕೊನೆಯಲ್ಲಿ ಹೇಳುವೆವು.

ಮೀನಿನ ಪರಿಚಯ

ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವುದು ಹಸುರು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳೂ ಬಿಳಿಯ ಹೊಟ್ಟೆಯೂ ಉಳ್ಳ ಜಾತಿ. ಶಾಸ್ತ್ರಜ್ಞರು ಅದನ್ನು ಡೈಕೊಟೊಮಿಕ್ಟೀರ್ ನೈಗ್ರೋವಿರಿಡಿಸ್ ಎನ್ನುವರು. ಟೆಟ್ರಾಡಾನ್ ನೈಗ್ರೋವಿರಿಡಿಸ್ ಎಂಬುದು ಅದರ ಹಳೆಯ ಹೆಸರು. ಇದಕ್ಕೆ ಬಹಳ ಹೋಲುವ ಇನ್ನೊಂದು ಜಾತಿಯು ಗಂಗೆಯ ಮುಖಜ ಪ್ರದೇಶದಲ್ಲಿ ವಾಸಿಸುವುದು. ಅದನ್ನು ಮೊದಲು ವರ್ಣಿಸಿ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್ ಎಂಬ ವೈದ್ಯರು. ಟಿಪ್ಪು ಸುಲ್ತಾನನ ಪತನಾನಂತರ ೧೮೦೦ ಮತ್ತು ೧೮೦೧ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿ ನಮ್ಮ ಬೇಸಾಯದ ವಿವರಗಳನ್ನು ಬರೆದಿಟ್ಟ ಬುಕಾನನ್‌ರು ಇವರೇ. ಗಂಗಾನದಿಯ ಮೀನುಗಳನ್ನು ಕುರಿತ ಅವರ ಗ್ರಂಥವು ೧೮೨೨ರಲ್ಲಿ ಪ್ರಕಟವಾಯಿತು.

ಟೆಟ್ರಾಡಾನ್ ಎಂದರೆ ನಾಲ್ಕು ಹಲ್ಲಿನದು ಎಂದರ್ಥ. ಮೇಲ್ದವಡೆಯಲ್ಲಿ ಎರಡು, ಕೆಳದವಡೆಯಲ್ಲಿ ಎರಡು ಹಲ್ಲಿನ ಫಲಕಗಳು ಕೂಡಿ ಗಿಳಿಯ ಕೊಕ್ಕಿನಂತೆ ಬಾಯಿ ಏರ್ಪಟ್ಟಿರುವುದು. ಈ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುವುವು. ಈ ಒಂದು ಸಂಗತಿಯನ್ನು ಸಾಕುವವರು ಮೊದಲ ದಿನದಿಂದಲೇ ನೆನಪಿನಲ್ಲಿಡಬೇಕು. ಅಂಗಡಿಯಲ್ಲಿ ಒಂದು ಅಂಗುಲವಿದ್ದ ಮರಿಯು ಪೂರ್ಣ ಬೆಳೆದಾಗ ಆರು ಅಂಗುಲದಷ್ಟಾಗುವುದು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಗಳ ಪರ್ಯಂತ ಬದುಕಬಲ್ಲುದು. ಆದುದರಿಂದ ಇದನ್ನು ತರುವುದು ಜಾತ್ರೆಯಲ್ಲಿ ಬುಗ್ಗೆ ತಂದಂತಲ್ಲ, ಮನೆಗೆ ಒಂದು ಕರುವನ್ನು ತಂದಂತೆ.

ಅಷ್ಟು ಸ್ಥಳಾವಕಾಶವಿಲ್ಲದವರು ಆಗ್ನೇಯ ಏಷ್ಯದ, ಬೆನ್ನಿನ ಮೇಲೆ ಇಂಗ್ಲಿಷಿನ ಎಂಟರ ಅಂಕೆಯಂಥ ಗುರುತುಳ್ಳ ಚಿಕ್ಕ ಜಾತಿಯನ್ನು ಆರಿಸಿಕೊಳ್ಳಬಹುದು. ಅದು ಮೂರು ಅಂಗುಲವನ್ನು ಮೀರುವುದು ಅಪರೂಪ, ಮತ್ತು ಅಲ್ಪ ಉಪ್ಪಿನ ನೀರೇ ಅದಕ್ಕೆ ಕೊನೆಯವರೆಗೂ ಸಾಕು. ಪಶ್ಚಿಮ ಘಟ್ಟದ ನಮ್ಮ ಸೀಮೆಯ ಕುಬ್ಜ ಉಬ್ಬುಮೀನೆಂಬ ಒಂದು ಜಾತಿಯೂ ಇದೆ. ತಿರುವಾಂಕೂರಿನ ಪಂಪಾ ನದಿಯಿಂದ ಅದನ್ನು ತಂದು ಹೋರಾ ಮತ್ತು ನಾಯರ್ ಎಂಬ ಶಾಸ್ತ್ರಜ್ಞರು ೧೯೪೧ರಲ್ಲಿ ವರ್ಣಿಸಿದರು. ಅದು ಕೇವಲ ಸಿಹಿನೀರಿನ ಪ್ರಾಣಿ. ಉಪ್ಪು ಹಾಕಿದರೆ ಅದಕ್ಕೆ ಹಾನಿ. ಹೊಳೆಗಳಲ್ಲಿ ಅದರ ಸಂಖ್ಯೆಯು ಕ್ಷೀಣಿಸುತ್ತಿರುವುದರಿಂದ ಹಿಡಿದು ತರಲೂ ಕೂಡದು.

ಮರಿಗೆ ಉಪ್ಪು ಏಕೆ ಬೇಕು

ಅಂಗಡಿಯವರು ಮರಿಗಳನ್ನು ಸಾಮಾನ್ಯವಾಗಿ ಸಿಹಿನೀರಿನಲ್ಲಿಟ್ಟು ಮಾರುವರು. ಮರಿಯು ಸಿಹಿನೀರಿನಲ್ಲಿ ಕೆಲವು ತಿಂಗಳು ಬದುಕುವುದು ನಿಜ. ಅಳಿವೆಯಲ್ಲಿಯೂ ಮಳೆಗಾಲದ ಪ್ರವಾಹ ಬಂದಾಗ ನೀರು ಸಪ್ಪೆಯಾಗುವುದರಿಂದ ಈ ಸಹನಶಕ್ತಿಯನ್ನು ಪ್ರಕೃತಿಯೇ ಕೊಟ್ಟಿದೆ. ಆದರೆ ಸಹಿಸುವುದು ಬೇರೆ, ಬೆಳೆಯುವುದು ಬೇರೆ. ಮೀನಿನ ರಕ್ತದಲ್ಲಿ ಸಮುದ್ರದ ನೀರಿನ ಮೂರರಲ್ಲೊಂದು ಪಾಲಿನಷ್ಟು ಲವಣಾಂಶವಿದೆ. ಸಪ್ಪೆ ನೀರಿನಲ್ಲಿ ಹೊರಗಿನ ನೀರು ಒಳಕ್ಕೆ ಇಳಿಯುತ್ತಲೂ ಒಳಗಿನ ಲವಣವು ಹೊರಕ್ಕೆ ಸೋರುತ್ತಲೂ ಇರುವುದರಿಂದ ಮೀನು ಹಗಲೂ ರಾತ್ರಿಯೂ ನೀರನ್ನು ಹೊರಹಾಕುವ ಶ್ರಮದಲ್ಲಿಯೇ ಇರಬೇಕಾಗುವುದು. ನೀರಿನ ಉಪ್ಪು ರಕ್ತದ ಉಪ್ಪಿಗೆ ಸಮೀಪವಾದಷ್ಟೂ ಈ ಶ್ರಮವು ತಗ್ಗುವುದು. ಉಳಿದ ಶಕ್ತಿಯು ಬೆಳವಣಿಗೆಗೂ ರೋಗವನ್ನು ತಡೆಯುವುದಕ್ಕೂ ಒದಗುವುದು.

ಉಪ್ಪನ್ನು ಅಳೆಯಲು ಹೈಡ್ರಾಮೀಟರ್ ಎಂಬ ಗಾಜಿನ ತೇಲುಕೊಳವೆಯನ್ನು ಇಟ್ಟುಕೊಳ್ಳತಕ್ಕದ್ದು. ಹಾಲಿನ ಸಂಘದಲ್ಲಿ ಹಾಲನ್ನು ಪರೀಕ್ಷಿಸುವ ಲ್ಯಾಕ್ಟೋಮೀಟರನ್ನು ಕಂಡವರಿಗೆ ಇದು ಹೊಸ ವಸ್ತುವಲ್ಲ, ಎರಡರ ತತ್ತ್ವವೂ ಒಂದೇ. ಆದರೆ ಹಾಲಿನ ಕೊಳವೆಯ ಗೆರೆಗಳು ಈ ಕೆಲಸಕ್ಕೆ ಬೇಕಾದಷ್ಟು ಸೂಕ್ಷ್ಮವಲ್ಲ. ಶುದ್ಧ ನೀರಿನ ಸಾಂದ್ರತೆಯು ೧.೦೦೦ ಎಂದಿಟ್ಟುಕೊಂಡರೆ ಸಮುದ್ರದ ನೀರು ಸುಮಾರು ೧.೦೨೫. ಮರಿಗಳಿಗೆ ೧.೦೦೫ರಿಂದ ೧.೦೦೮ ಸಾಕು. ಹಸುರು ಜಾತಿಯ ಮೀನು ನಾಲ್ಕು ಅಂಗುಲ ದಾಟಿದ ಮೇಲೆ ಅದನ್ನು ಕ್ರಮೇಣ ೧.೦೧೫ರ ಮೇಲಕ್ಕೂ, ಪೂರ್ಣ ಬೆಳೆದಾಗ ೧.೦೧೮ರಿಂದ ೧.೦೨೨ರ ವರೆಗೂ ಏರಿಸಬೇಕು.

ತೊಟ್ಟಿ

ಒಂದು ಮೀನಿಗೆ ನೂರಹದಿನೈದು ಲೀಟರು ನೀರಿಗಿಂತ ಕಡಮೆಯಾಗಕೂಡದು. ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯನ್ನು ಮೇಲೆ ಒಂದೂವರೆ ಅಂಗುಲ ಬಿಟ್ಟು ತುಂಬಿದರೆ ಈ ಪ್ರಮಾಣವು ದೊರೆಯುವುದು. ನೀರು, ಗಾಜು, ಮರಳು ಸೇರಿ ತೂಕವು ನೂರೈವತ್ತು ಕಿಲೋವನ್ನು ಮೀರುವುದರಿಂದ ಗೋಡೆಯ ಗೂಡಿನಲ್ಲಿಯೋ ಹಳೆಯ ಮೇಜಿನ ಮೇಲೋ ಇಡದೆ ಸಮತಟ್ಟಾದ ಗಟ್ಟಿ ಕಟ್ಟೆಯ ಮೇಲೆ ಇಡಬೇಕು. ಬಿಸಿಲು ನೇರವಾಗಿ ಬೀಳಬಾರದು, ಬಿದ್ದರೆ ಪಾಚಿಯು ಮುಚ್ಚಿಕೊಳ್ಳುವುದು. ಮೇಲೊಂದು ಮುಚ್ಚಳವಿರಲಿ.

ತಳಕ್ಕೆ ತೊಳೆದ ನಯವಾದ ಮರಳನ್ನೂ, ಅದರೊಡನೆ ಕುದಿಸಿ ಒಣಗಿಸಿ ಪುಡಿಮಾಡಿದ ಬಳಚಿನ ಚಿಪ್ಪುಗಳನ್ನೂ ಹಾಕಬಹುದು. ಚಿಪ್ಪಿನ ಸುಣ್ಣವು ಅಲ್ಪಸ್ವಲ್ಪ ಕರಗಿ ನೀರು ಹುಳಿಯಾಗದಂತೆ ತಡೆಯುವುದು. ಹುಳಿಮಣ್ಣಿನ ಗದ್ದೆಗೆ ಸುಣ್ಣ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಮೀನು ಅವಿತುಕೊಳ್ಳಲು ನಾಲ್ಕಾರು ಕಲ್ಲುಗಳೂ ಒಂದೆರಡು ಮಣ್ಣಿನ ಕುಡಿಕೆಗಳೂ ಬೇಕು. ಉಬ್ಬುಮೀನು ಬಹಳ ಕುತೂಹಲದ ಪ್ರಾಣಿ. ಕಣ್ಣುಗಳನ್ನು ಬೇರೆಬೇರೆಯಾಗಿ ಹೊರಳಿಸಿ ಮೂಲೆಮೂಲೆಗಳನ್ನು ಶೋಧಿಸುತ್ತಿರುವುದು. ಬೋಳು ತೊಟ್ಟಿಯಲ್ಲಿಟ್ಟರೆ ಗಾಜಿನ ಪಕ್ಕದಲ್ಲಿ ಮೇಲೆ ಕೆಳಗೆ ಸುಮ್ಮನೆ ಈಜಾಡುತ್ತ ದಿನ ಕಳೆಯುವುದು.

ತಾಮ್ರದ ವಿಷಯದಲ್ಲಿ ಮಾತ್ರ ಅತ್ಯಂತ ಎಚ್ಚರಿಕೆಯಿರಬೇಕು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸದ ಮನೆಯಿಲ್ಲ. ಮೈಸೂರು ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಕೋಲ್ಮನ್ನರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೊಳೆರೋಗದ ಮೇಲೆ ಅದನ್ನು ಪ್ರಯೋಗಿಸಿ ಪ್ರಚಾರಪಡಿಸಿದಂದಿನಿಂದ ಮೈಲುತುತ್ತವು ತೋಟಗಾರರ ನಿತ್ಯದ ವಸ್ತುವಾಗಿದೆ. ಅಡಕೆಯ ಶಿಲೀಂಧ್ರಕ್ಕೆ ಹೇಗೋ ಮೀನಿಗೂ ಬಸವನಹುಳುವಿಗೂ ಹಾಗೆಯೇ ಅದು ವಿಷ. ದ್ರಾವಣ ಕಲಸಿದ ಬಕೆಟ್ಟನ್ನು ಎಷ್ಟು ತೊಳೆದರೂ ತೊಟ್ಟಿಗೆ ನೀರು ತರಲು ಬಳಸಕೂಡದು. ಬಚ್ಚಲಿನ ತಾಮ್ರದ ಹಂಡೆಯ ನೀರನ್ನೂ ಹಾಕಕೂಡದು. ಹುರುಪೆಗಳ ಕವಚವಿಲ್ಲದ ಉಬ್ಬುಮೀನು ಇತರ ಮೀನುಗಳಿಗಿಂತಲೂ ಬೇಗ ಇಂಥ ವಿಷಕ್ಕೆ ಈಡಾಗುವುದು. ಅಂಗಡಿಗಳಲ್ಲಿ ಮೀನಿನ ರೋಗಕ್ಕೆಂದು ಮಾರುವ ಔಷಧಗಳಲ್ಲಿ ಕೆಲವು ತಾಮ್ರದಿಂದಲೇ ಆದವು. ಅವನ್ನೂ ದೂರವಿಡತಕ್ಕದ್ದು.

ಯಾವ ಉಪ್ಪು

ಅಡುಗೆಯ ಉಪ್ಪನ್ನು ಕರಗಿಸಿದರೆ ಸವಳು ನೀರಾಗದೇ ಎಂಬ ಪ್ರಶ್ನೆಯು ಸಹಜ. ಆಗುವುದಿಲ್ಲ. ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿದವರು ಇದರ ಕಾರಣವನ್ನು ಬೇಗ ಗ್ರಹಿಸಬಲ್ಲರು. ಸಮುದ್ರದ ನೀರು ಬಿಸಿಲಿಗೆ ಆವಿಯಾಗುತ್ತ ಹೋದಂತೆ ಮೊದಲು ಸುಣ್ಣದ ಅಂಶವೂ, ಅನಂತರ ಜಿಪ್ಸಮ್ಮೂ ತಳಕ್ಕೆ ಕೂರುವುವು. ಆಮೇಲೆ ಊಟದ ಉಪ್ಪು ಹರಳುಗಟ್ಟುವುದು. ಮೆಗ್ನೀಸಿಯಮ್ಮಿನ ಲವಣಗಳು ಕಹಿಯಾದ ಉಳಿಕೆ ನೀರಿನಲ್ಲಿಯೇ ನಿಂತು, ಆ ನೀರನ್ನು ಆಗರದವರು ಹೊರಕ್ಕೆ ಬಿಟ್ಟುಬಿಡುವರು. ಆದ್ದರಿಂದ ಆಗರದ ಉಪ್ಪು ಎಷ್ಟೇ ಶುದ್ಧವಾದರೂ ಸಮುದ್ರದ ಅರ್ಧ ಸತ್ತ್ವವು ಅದರಲ್ಲಿಲ್ಲ. ಅದನ್ನು ಕರಗಿಸಿದ ನೀರು ಉಪ್ಪಾಗುವುದೇ ವಿನಾ ಕ್ಷಾರಗುಣವನ್ನು ಕಾಯ್ದುಕೊಳ್ಳಲಾರದು. ಉಬ್ಬುಮೀನಿಗೆ ಪಿಎಚ್ ಎಂಬ ಮಾನದಲ್ಲಿ ೮ರಿಂದ ೮.೩ರವರೆಗಿನ ಕ್ಷಾರವು ಹಿತ. ಘಟ್ಟದ ಮೇಲಿನವರು ಸಮುದ್ರದ ತೊಟ್ಟಿಗಳಿಗೆಂದೇ ತಯಾರಿಸಿದ ಮಿಶ್ರ ಲವಣವನ್ನು ಅಂಗಡಿಯಿಂದ ತರಿಸಿಕೊಳ್ಳಬೇಕು. ನೂರಹದಿನೈದು ಲೀಟರಿಗೆ ಮೊದಲು ಅರ್ಧ ಕಿಲೋ ಹಾಕಿ ಆರಂಭಿಸಿ, ಮುಂದೆ ಹೇಳುವ ಕ್ರಮದಲ್ಲಿ ಒಂದು ಕಿಲೋವಿನಷ್ಟಕ್ಕೆ ಏರಿಸಬಹುದು. ಉಪ್ಪನ್ನು ಯಾವಾಗಲೂ ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಬೇಕಲ್ಲದೆ ಮೀನಿರುವ ತೊಟ್ಟಿಗೆ ಹರಳುಗಳನ್ನು ಸುರಿಯಕೂಡದು.

ಕರಾವಳಿಯವರಿಗೆ ಈ ಖರ್ಚೇ ಬೇಕಿಲ್ಲ. ಬೇಸಗೆಯಲ್ಲಿ ಉಬ್ಬರವು ತುಂಬಿ ನಿಂತಾಗ, ದೋಣಿಗಳ ಎಣ್ಣೆಯೂ ಊರಿನ ಚರಂಡಿಯೂ ಸೇರದ ಕಡೆಯಿಂದ ಸಮುದ್ರದ ನೀರನ್ನು ತಂದು ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಕತ್ತಲೆಯಲ್ಲಿಟ್ಟು ಬಳಸಬಹುದು. ಒಂದು ಪಾಲು ಸಮುದ್ರದ ನೀರಿಗೆ ಏಳು ಪಾಲು ಸಿಹಿನೀರು ಸೇರಿಸಿದರೆ ಸುಮಾರು ೧.೦೦೩ರ ನೀರಾಗುವುದು. ಒಂದಕ್ಕೆ ಮೂರು ಸೇರಿಸಿದರೆ ೧.೦೦೬ಕ್ಕಿಂತ ತುಸು ಹೆಚ್ಚು. ಸಮಪಾಲಾದರೆ ಸುಮಾರು ೧.೦೧೩. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಅಳಿವೆಯ ನೀರು ಸಪ್ಪೆಯಾಗಿಯೂ ಕೆಸರಾಗಿಯೂ ಇರುವುದರಿಂದ ಆ ಕಾಲಕ್ಕೆ ಬೇಕಾದುದನ್ನು ಮೇ ತಿಂಗಳೊಳಗೆ ಶೇಖರಿಸಿಡುವುದು ಲೇಸು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಹಾಕಿದ್ದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಉಪಯೋಗಿಸಬೇಕು.

ನೀರನ್ನು ಹದಗೊಳಿಸುವುದು

ಮರಿಗಳು ಸಾಯುವುದು ಹೆಚ್ಚಾಗಿ ಇಲ್ಲಿಯೇ. ತೊಟ್ಟಿಯನ್ನು ಬೆಳಗ್ಗೆ ತುಂಬಿ ಸಂಜೆ ಮೀನನ್ನು ಬಿಡುವುದು, ಹಸಿ ಸಗಣಿಯನ್ನು ಹಾಕಿದ ದಿನವೇ ಸಸಿಯನ್ನು ನೆಟ್ಟಂತೆ. ಸಗಣಿಗೊಬ್ಬರವು ಮಣ್ಣಿನಲ್ಲಿ ಕೊಳೆತು ಅದರ ಸಾರಜನಕವು ಮೊದಲು ಅಮೋನಿಯವಾಗಿ, ಅಲ್ಲಿಂದ ನೈಟ್ರೈಟಾಗಿ, ಕೊನೆಗೆ ನೈಟ್ರೇಟಾಗಿ ಪರಿಣಮಿಸಿ ಬೆಳೆಗೆ ದಕ್ಕುವುದೆಂಬುದನ್ನು ರೈತರು ಬಲ್ಲರು. ಈ ಕೆಲಸವನ್ನು ಮಾಡುವ ಸೂಕ್ಷ್ಮಜೀವಿಗಳನ್ನು ರಷ್ಯದ ವಿನೊಗ್ರಾಡ್‌ಸ್ಕಿ ಎಂಬವರು ೧೮೯೦ರ ಸುಮಾರಿನಲ್ಲಿ ಪ್ರತ್ಯೇಕಿಸಿ ತೋರಿಸಿದರು. ತೊಟ್ಟಿಯಲ್ಲಿಯೂ ಮೀನಿನ ಮಲಮೂತ್ರ ಮತ್ತು ಉಳಿದ ಆಹಾರದಿಂದ ಅಮೋನಿಯ ಹುಟ್ಟುವುದು. ಅದು ಕಿವಿರುಗಳನ್ನು ಸುಡುವ ವಿಷ. ನೈಟ್ರೈಟು ರಕ್ತವನ್ನು ಕೆಡಿಸುವ ವಿಷ. ನೈಟ್ರೇಟು ಮಾತ್ರ ಬಹುಮಟ್ಟಿಗೆ ಸಾಧು. ಸೂಕ್ಷ್ಮಜೀವಿಗಳು ಸೋಸುಯಂತ್ರದ ಸ್ಪಂಜಿನಲ್ಲಿ ನೆಲೆಗೊಳ್ಳುವ ತನಕ ಮೀನಿಗೆ ರಕ್ಷೆಯಿಲ್ಲ.

ಸವಳು ನೀರಿನಲ್ಲಿ ಇನ್ನೊಂದು ತೊಡಕಿದೆ. ಪಿಎಚ್ ೭ರ ನೀರಿನಲ್ಲಿ ಅಮೋನಿಯದ ನೂರರಲ್ಲೊಂದು ಪಾಲಿಗಿಂತಲೂ ಕಡಮೆ ಭಾಗವು ವಿಷದ ರೂಪದಲ್ಲಿದ್ದರೆ, ೮.೨ರ ನೀರಿನಲ್ಲಿ ನಮ್ಮ ಸೆಕೆಗೆ ಹೆಚ್ಚುಕಡಮೆ ಹತ್ತರಲ್ಲೊಂದು ಪಾಲು ಆ ರೂಪವನ್ನು ತಾಳುವುದು. ಸಿಹಿನೀರಿನಲ್ಲಿ ಸೈರಿಸಬಹುದಾದ ಅಶುದ್ಧತೆಯು ಇಲ್ಲಿ ಕೊಲ್ಲುವುದು. ಸಿಗಡಿಯ ಹೊಂಡದಲ್ಲಿ ಹೆಚ್ಚು ಮೇವು ಸುರಿದವರು ಒಂದೇ ಮಧ್ಯಾಹ್ನದಲ್ಲಿ ನಷ್ಟಕ್ಕೀಡಾಗುವುದಕ್ಕೆ ಇದೂ ಒಂದು ಕಾರಣ. ಹೊಂಡದ ಹಸುರು ಪಾಚಿಯು ಬಿಸಿಲಿನಲ್ಲಿ ಪಿಎಚ್ಚನ್ನು ಏರಿಸುವುದರಿಂದ ಅಮೋನಿಯದ ವಿಷವು ಮಧ್ಯಾಹ್ನವೇ ಪ್ರಬಲವಾಗುವುದು.

ಕ್ರಮವು ಹೀಗೆ. ತೊಟ್ಟಿಗೆ ೧.೦೦೩ರ ನೀರು ತುಂಬಿ, ಗಾಳಿ ಪಂಪಿನಿಂದ ನಡೆಯುವ ಸ್ಪಂಜಿನ ಸೋಸುಕವನ್ನು ಹಗಲೂ ರಾತ್ರಿಯೂ ನಡೆಸುತ್ತ, ಒಂದು ಸಿಗಡಿಯ ತುಣುಕನ್ನು ತೆಳುಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಡತಕ್ಕದ್ದು. ಅದು ಕೊಳೆತು ಅಮೋನಿಯವಾಗುವುದು. ಪರೀಕ್ಷೆಯ ಹನಿದ್ರಾವಣಗಳನ್ನು ತರಿಸಿಕೊಂಡು ಎರಡು ಮೂರು ದಿನಗಳಿಗೊಮ್ಮೆ ನೋಡುತ್ತಿದ್ದರೆ ಮೊದಲು ಅಮೋನಿಯ ಏರಿ ಇಳಿಯುವುದು, ಅನಂತರ ನೈಟ್ರೈಟ್ ಏರಿ ಇಳಿಯುವುದು. ಎರಡೂ ಸೊನ್ನೆಯಾಗಿ ನೈಟ್ರೇಟು ಮಾತ್ರ ಕಂಡುಬಂದಾಗ ತೊಟ್ಟಿಯು ಸಿದ್ಧವೆಂದು ತಿಳಿಯಬೇಕು. ನಾಲ್ಕರಿಂದ ಆರು ವಾರ ಹಿಡಿಯುವುದು. ಮಕ್ಕಳು ಇಷ್ಟು ದಿನ ಬರಿಯ ನೀರನ್ನು ನೋಡಿಕೊಂಡಿರಲು ಒಪ್ಪುವುದಿಲ್ಲವೆಂಬುದು ನಿಜ. ನಮ್ಮ ಅನುಭವದಲ್ಲಿ, ಹನಿಗಳ ಬಣ್ಣ ಬದಲಾಗುವುದನ್ನು ಬರೆದಿಡುವ ಕೆಲಸವನ್ನು ಅವರಿಗೇ ವಹಿಸಿದರೆ ದೂರು ನಿಲ್ಲುವುದು.

ಮರಿಯನ್ನು ತರುವುದು

ಅಂಗಡಿಯಲ್ಲಿ ಹೊಟ್ಟೆ ಒಳಕ್ಕೆ ಹೋದ, ಹೊಟ್ಟೆಯ ಬಿಳುಪು ಕಂದಿ ಕಪ್ಪಾದ, ರೆಕ್ಕೆ ಹರಿದ ಮರಿಯನ್ನು ಕೊಳ್ಳಬಾರದು. ಎದುರಿಗೆ ಬೆರಳಾಡಿಸಿದರೆ ಕಣ್ಣು ಹೊರಳಿಸಿ ನೋಡುವ, ಕೊಟ್ಟ ಆಹಾರಕ್ಕೆ ನುಗ್ಗುವ ಮರಿಯನ್ನೇ ಆರಿಸಬೇಕು. ಇವುಗಳಲ್ಲಿ ಹೆಚ್ಚಿನವು ಕಾಡುನೀರಿನಿಂದ ಹಿಡಿದು ತಂದವು. ಚೆನ್ನಾಗಿ ತಿನ್ನುತ್ತಿದ್ದರೂ ಸೊರಗುತ್ತಲೇ ಹೋದರೆ ಕರುಳಿನಲ್ಲಿ ಹುಳುಗಳಿವೆಯೆಂದು ಶಂಕಿಸಿ ಮೀನುಗಾರಿಕೆಯ ತಜ್ಞರನ್ನು ವಿಚಾರಿಸಬೇಕು. ಜೊತೆಯಿರಲೆಂದು ಎರಡನ್ನು ತರುವವರುಂಟು. ಇದು ದನಕರುಗಳಂತೆ ಮಂದೆಯ ಪ್ರಾಣಿಯಲ್ಲ. ಒಂದರ ಬಾಲವನ್ನು ಇನ್ನೊಂದು ಕಚ್ಚಿ ತಿನ್ನುವುದು. ಒಂದೇ ಸಾಕು.

ಬಲೆಯಿಂದ ಎತ್ತಿದರೆ ಹೆದರಿ ಉಬ್ಬಿಕೊಳ್ಳುವುದು. ನೀರಿನೊಳಗೆ ಉಬ್ಬಿದರೆ ನೀರನ್ನು ನುಂಗುವುದು, ಮತ್ತೆ ಉಗುಳುವುದು ಸುಲಭ. ಗಾಳಿಯಲ್ಲಿ ಎತ್ತಿದಾಗ ಗಾಳಿಯನ್ನು ನುಂಗಿದರೆ ಅದನ್ನು ಹೊರಹಾಕಲಾರದೆ ಹೊಟ್ಟೆ ಮೇಲಾಗಿ ತೇಲಿ ಸಾಯುವುದುಂಟು. ಆದುದರಿಂದ ಯಾವಾಗಲೂ ಲೋಟ ಅಥವಾ ಚೊಂಬಿನಿಂದ ನೀರಿನೊಡನೆಯೇ ಎತ್ತತಕ್ಕದ್ದು. ಚೊಂಬು ಹಿತ್ತಾಳೆಯದೋ ತಾಮ್ರದ್ದೋ ಆಗಿರಬಾರದೆಂದು ಮತ್ತೆ ಹೇಳಬೇಕಾಗಿಲ್ಲ. ಹಾಗೊಮ್ಮೆ ಗಾಳಿ ನುಂಗಿದರೆ ನೀರೊಳಗೆ ಬಾಯಿ ಮೇಲಾಗುವಂತೆ ಮೃದುವಾಗಿ ಹಿಡಿದಿದ್ದರೆ ಗುಳ್ಳೆಗಳು ಹೊರಬರುವುವು. ಉಬ್ಬುವುದನ್ನು ನೋಡಿ ನಗುವುದಕ್ಕಾಗಿ ಮಕ್ಕಳು ಕಡ್ಡಿಯಿಂದ ತಿವಿಯದಂತೆ ನೋಡಿಕೊಳ್ಳಬೇಕು. ಅದು ಆಟವಲ್ಲ, ಪ್ರಾಣಭಯದ ಚೇಷ್ಟೆ.

ತಂದ ಮರಿಯ ನೀರಿಗೆ ತೊಟ್ಟಿಯ ನೀರನ್ನು ಒಂದೆರಡು ಗಂಟೆಗಳ ಕಾಲ ಹನಿಹನಿಯಾಗಿ ಸೇರಿಸಿ ಅನಂತರ ಬಿಡಬೇಕು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಇಪ್ಪತ್ತಮೂರು ಲೀಟರು, ಎಂದರೆ ಐದರಲ್ಲೊಂದು ಪಾಲು ನೀರನ್ನು ತೆಗೆದು, ಒಂದು ಪಾಲು ಸಮುದ್ರದ ನೀರಿಗೆ ಎರಡು ಪಾಲು ಸಿಹಿನೀರು ಬೆರೆಸಿದ ನೀರನ್ನು ಹಾಕುತ್ತ ಬಂದರೆ ನಾಲ್ಕು ವಾರಗಳಲ್ಲಿ ತೊಟ್ಟಿಯು ೧.೦೦೬ರ ಸುಮಾರಿಗೆ ಬರುವುದು. ಇಷ್ಟು ನಿಧಾನವು ಮೀನಿಗಾಗಿ ಎಂಬುದಕ್ಕಿಂತ ಸ್ಪಂಜಿನ ಸೂಕ್ಷ್ಮಜೀವಿಗಳಿಗಾಗಿ. ಉಪ್ಪು ಥಟ್ಟನೆ ಏರಿದರೆ ಅವು ಸಾಯುವುವು. ಬಳಿಕ ಒಂದಕ್ಕೆ ಮೂರರ ನೀರನ್ನೇ ಬದಲಿಸುತ್ತ ಹೋಗಬಹುದು. ಉಷ್ಣವು ೨೪ರಿಂದ ೨೮ ಡಿಗ್ರಿಯಿರಲಿ. ಕರಾವಳಿಯಲ್ಲಿ ಇದಕ್ಕೆ ಯಾವ ಉಪಕರಣವೂ ಬೇಡ. ಮಲೆನಾಡಿನ ಮಾಗಿಯಲ್ಲಿ ಮಾತ್ರ ಕಾಯಿಸುವ ಕಡ್ಡಿ ಬೇಕಾಗುವುದು.

ಇಲ್ಲಿ ಈ ಲೇಖಕನ ತಪ್ಪೊಂದನ್ನು ಹೇಳುವುದು ಉಚಿತ. ಬೇಸಗೆಯಲ್ಲಿ ತೊಟ್ಟಿಯ ನೀರು ದಿನೇದಿನೇ ತಗ್ಗುತ್ತಿದ್ದಾಗ, ಕಡಮೆಯಾದಷ್ಟನ್ನೂ ಸವಳು ನೀರಿನಿಂದಲೇ ತುಂಬುತ್ತ ಬಂದೆನು. ಎರಡು ತಿಂಗಳಾದ ಮೇಲೆ ಮೀನು ಮೂಲೆ ಹಿಡಿಯಿತು. ಕೊಳವೆಯನ್ನಿಟ್ಟು ನೋಡಿದರೆ ಉಪ್ಪು ಇರಬೇಕಾದುದರ ಎರಡರಷ್ಟಾಗಿತ್ತು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುವುದು. ಒಗರು ನೀರಾವರಿಯ ಗದ್ದೆಯಲ್ಲಿ ಚೌಳು ಏಳುವುದನ್ನು ಕಂಡಿದ್ದರೂ ಮನೆಯ ತೊಟ್ಟಿಯ ವಿಷಯದಲ್ಲಿ ಅದು ಹೊಳೆಯಲಿಲ್ಲ. ಆವಿಯಾದುದಕ್ಕೆ ಸಿಹಿನೀರು, ತೆಗೆದುದಕ್ಕೆ ಸವಳು ನೀರು, ಇಷ್ಟೇ ನಿಯಮ. ತುಂಬಿದ ದಿನ ಗಾಜಿನ ಮೇಲೆ ಒಂದು ಗೆರೆ ಎಳೆದಿಟ್ಟರೆ ಮರೆವು ಬಾಧಿಸದು.

ಆಹಾರ

ಮರಿಗೆ ದಿನಕ್ಕೊಂದು ಅಥವಾ ಎರಡು ಸಲ ಸ್ವಲ್ಪ ಸ್ವಲ್ಪವಾಗಿ ಆಹಾರ ಕೊಡಬೇಕು. ಹೊಟ್ಟೆಯು ತುಸು ದುಂಡಾದರೆ ಸಾಕು. ಬೇಡುವುದನ್ನು ಮಾತ್ರ ಅದು ನಿಲ್ಲಿಸುವುದೇ ಇಲ್ಲ, ಮನೆಯವರನ್ನು ಕಂಡೊಡನೆ ಗಾಜಿನ ಬಳಿಗೆ ಬಂದು ಕುಣಿಯುವುದು. ಅದಕ್ಕೆ ಮರುಗಿ ಹಾಕಿದ ಆಹಾರವೇ ನೀರನ್ನು ಕೆಡಿಸುವುದು. ಪೊಟ್ಟಣದಲ್ಲಿ ಬರುವ ಒಣ ಮೇವನ್ನು ಇದು ಸಾಮಾನ್ಯವಾಗಿ ಮೂಸಿಯೂ ನೋಡದು. ಸೊಳ್ಳೆಯ ಮರಿಹುಳುಗಳು, ಸಿಪ್ಪೆಯೊಡನೆ ಕತ್ತರಿಸಿದ ಚಿಕ್ಕ ಸಿಗಡಿ, ಏಡಿಯ ಕಾಲು, ಬಳಚಿನ ಮಾಂಸ ಇವು ಯೋಗ್ಯ. ಹಲ್ಲು ಸವೆಯುವುದಕ್ಕೆ ಎಲ್ಲಕ್ಕಿಂತಲೂ ಅವಶ್ಯವಾದುದು ಚಿಪ್ಪುಳ್ಳ ಸಣ್ಣ ಬಸವನಹುಳುಗಳು. ಮೆತ್ತನೆಯ ಆಹಾರವನ್ನೇ ಕೊಟ್ಟು ಬೆಳೆಸಿದ ಮೀನಿನ ಹಲ್ಲುಗಳು ಒಂದನ್ನೊಂದು ದಾಟಿ ಬೆಳೆದು ಬಾಯಿ ಮುಚ್ಚಿಹೋಗಿ, ಎದುರಿಗೆ ಆಹಾರವಿದ್ದರೂ ಉಪವಾಸದಿಂದ ಸಾಯಬೇಕಾಗುವುದು.

ಬಸವನಹುಳುಗಳನ್ನು ಗದ್ದೆಯಿಂದಲೋ ದನ ಮೀಯುವ ಕೆರೆಯಿಂದಲೋ ನೇರವಾಗಿ ತಂದು ಹಾಕಬಾರದು. ಗದ್ದೆಯ ಹುಳುಗಳಲ್ಲಿ ಕೀಟನಾಶಕದ ಅಂಶವಿರಬಹುದು. ಅದಲ್ಲದೆ ದನಗಳ ಪಿತ್ತಜನಕಾಂಗದಲ್ಲಿ ಸೇರಿಕೊಂಡು ಅವನ್ನು ಸೊರಗಿಸುವ ಚಪ್ಪಟೆ ಹುಳುವು ತನ್ನ ಬಾಲ್ಯವನ್ನು ಕಳೆಯುವುದು ಕೆರೆಯ ಬಸವನಹುಳುಗಳ ದೇಹದಲ್ಲಿಯೇ. ಒಂದು ಹಳೆಯ ಸಿಮೆಂಟಿನ ಬಾನಿಯಲ್ಲಿ ಸಿಹಿನೀರು ತುಂಬಿ, ಜಲಸಸ್ಯಗಳ ಎಲೆಯಡಿಯಲ್ಲಿ ಅಂಟಿರುವ ಹುಳುವಿನ ಮೊಟ್ಟೆಗಳನ್ನು ಮಾತ್ರ ತಂದುಬಿಟ್ಟು, ಬೇಯಿಸಿದ ಸೊಪ್ಪನ್ನೂ ಸೌತೆಕಾಯಿಯ ಸಿಪ್ಪೆಯನ್ನೂ ಹಾಕುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಬೇಕಾದಷ್ಟು ಹುಳುಗಳಾಗುವುವು. ಬಾನಿಗೆ ಸೊಳ್ಳೆಪರದೆಯನ್ನು ಕಟ್ಟಬೇಕು. ಇಲ್ಲವಾದರೆ ಮೀನಿನ ಆಹಾರವು ಊರಿನ ಜ್ವರವಾಗುವುದು.

ವಿದ್ಯುತ್ತು ನಿಂತ ದಿನ ಆಹಾರವನ್ನು ಹಾಕಲೇ ಕೂಡದು. ಒಂದೆರಡು ದಿನ ಉಪವಾಸವಿದ್ದರೆ ಮೀನಿಗೆ ತೊಂದರೆಯಿಲ್ಲ. ನಿಂತ ನೀರಿನಲ್ಲಿ ಕೊಳೆಯುವ ಆಹಾರದಿಂದ ತೊಂದರೆಯುಂಟು. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪೊಂದು ಮಲೆನಾಡಿನ ಮಳೆಗಾಲದಲ್ಲಿ ಮನೆಯಲ್ಲಿರಲಿ. ಸ್ಪಂಜನ್ನು ತೊಳೆಯುವಾಗ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡತಕ್ಕದ್ದು. ನಲ್ಲಿಯಡಿ ಹಿಡಿದರೆ ಆರು ವಾರಗಳ ಶ್ರಮವು ಒಂದು ನಿಮಿಷದಲ್ಲಿ ಹರಿದುಹೋಗುವುದು.

ವಿಷದ ಸಂಗತಿ

೧೭೭೪ರ ಸೆಪ್ಟೆಂಬರಿನಲ್ಲಿ ಕ್ಯಾಪ್ಟನ್ ಕುಕ್ ಎಂಬ ಆಂಗ್ಲ ನಾವಿಕನು ಶಾಂತಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಇಂಥ ಮೀನೊಂದನ್ನು ಕೊಂಡು, ಅದರ ಪಿತ್ತಜನಕಾಂಗವನ್ನೂ ಮೊಟ್ಟೆಯ ಗಡ್ಡೆಯನ್ನೂ ಸಂಗಡಿಗರಾದ ಫಾರ್ಸ್ಟರರೊಡನೆ ರುಚಿ ನೋಡಿದನು. ನಡುರಾತ್ರಿಯ ಮೇಲೆ ಕೈಕಾಲುಗಳು ಮರಗಟ್ಟಿ, ತುಂಬಿದ ಪಾತ್ರೆಗೂ ಹಕ್ಕಿಯ ಗರಿಗೂ ತೂಕದ ಭೇದ ತಿಳಿಯದಂತಾಯಿತು. ಅವರು ಸ್ವಲ್ಪವೇ ತಿಂದಿದ್ದುದರಿಂದ ಬದುಕಿದರು. ಅದೇ ಮೀನಿನ ಕರುಳನ್ನು ತಿಂದ ಹಡಗಿನ ಹಂದಿಯು ಬೆಳಗಾಗುವುದರೊಳಗೆ ಸತ್ತುಬಿದ್ದಿತ್ತು. ಜಪಾನಿನ ತಾಹಾರಾ ಎಂಬ ವಿದ್ವಾಂಸರು ೧೯೦೯ರಲ್ಲಿ ಈ ವಿಷಕ್ಕೆ ಟೆಟ್ರೊಡೊಟಾಕ್ಸಿನ್ ಎಂದು ಹೆಸರಿಟ್ಟರು.

ಉಬ್ಬುಮೀನಿನ ಕುಲದ ಬಹುಪಾಲು ಜಾತಿಗಳ ಪಿತ್ತಜನಕಾಂಗ, ಅಂಡಾಶಯ, ಕರುಳು, ಚರ್ಮಗಳಲ್ಲಿ, ಕೆಲವು ಜಾತಿಗಳ ಮಾಂಸದಲ್ಲಿಯೂ ಈ ವಿಷವಿರುವುದು. ಬೇಯಿಸಿದರೂ ಹುರಿದರೂ ಒಣಗಿಸಿದರೂ ಉಪ್ಪು ಹಾಕಿದರೂ ಅದು ನಾಶವಾಗುವುದಿಲ್ಲ. ಇದಕ್ಕೆ ಪ್ರತ್ಯೌಷಧವಿಲ್ಲ. ತಿಂದ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ತುಟಿ ನಾಲಗೆಗಳಲ್ಲಿ ಜುಮುಜುಮು ಎನ್ನುವುದು ಮೊದಲ ಲಕ್ಷಣ. ಅನಂತರ ಮಾತು ತೊದಲುವುದು, ಕೈಕಾಲು ಸೋಲುವುದು, ಕೊನೆಗೆ ಉಸಿರಾಡುವ ಸ್ನಾಯುಗಳು ನಿಂತುಹೋಗುವುವು. ರೋಗಿಗೆ ಬಹುಮಟ್ಟಿಗೆ ಪ್ರಜ್ಞೆಯಿದ್ದರೂ ಹೇಳಿಕೊಳ್ಳಲಾರನು. ವಿಷವು ದೇಹದಿಂದ ತಾನಾಗಿ ಕಳೆದುಹೋಗುವ ತನಕ ಕೃತಕವಾಗಿ ಉಸಿರಾಡಿಸುವುದೊಂದೇ ಉಪಾಯ. ಮೊದಲ ದಿನವನ್ನು ದಾಟಿದವರು ಸಾಧಾರಣವಾಗಿ ಉಳಿಯುವರು. ಹೀಗಿರುವುದರಿಂದ ನಾಟಿ ಮದ್ದು, ಹುಣಸೆಹಣ್ಣಿನ ನೀರು ಮುಂತಾದುವುಗಳಲ್ಲಿ ಒಂದು ಕ್ಷಣವನ್ನೂ ಕಳೆಯದೆ, ಉಸಿರಾಟದ ಯಂತ್ರವುಳ್ಳ ಆಸ್ಪತ್ರೆಗೆ ಸಾಗಿಸಬೇಕು. ದಾರಿಯಲ್ಲಿ ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಊದುತ್ತಲೇ ಹೋಗಬೇಕು. ತಿಂದ ಮೀನಿನ ಉಳಿದ ಭಾಗವನ್ನು ವೈದ್ಯರಿಗೆ ತೋರಿಸಲು ಜೊತೆಯಲ್ಲಿ ಒಯ್ಯಬೇಕು.

ಅನುಭವಿಗಳಾದ ಮೀನುಗಾರರಿಗೆ ಈ ಮೀನಿನ ಗುರುತು ಚೆನ್ನಾಗಿ ತಿಳಿದಿದೆ. ಅಪಾಯವಿರುವುದು ಹೊರಗಿನಿಂದ ಬಂದು ಗಜನಿಯಲ್ಲಿಯೂ ಬಂದರಿನಲ್ಲಿಯೂ ಕೂಲಿ ಮಾಡುವವರಿಗೆ. ದಂಡೆಯ ಮೇಲೆ ಎಸೆದ ಮ��ನನ್ನು ಅವರು ಪುಕ್ಕಟೆಯಾಗಿ ಸಿಕ್ಕಿತೆಂದು ಆರಿಸಿಕೊಂಡು ಹೋಗಬಹುದು. ತೂಬಿನ ಬಲೆ ಎತ್ತುವ ದಿನಗಳಲ್ಲಿ ಜಮೀನಿನ ಯಜಮಾನರು ಕೆಲಸಗಾರರಿಗೆ ಮೀನನ್ನು ತೋರಿಸಿ ಎಚ್ಚರಿಸಿ, ಸಿಕ್ಕಿದವನ್ನು ಎಸೆಯಗೊಡದೆ ಹೂಳಿಸುವ ಏರ್ಪಾಡು ಮಾಡತಕ್ಕದ್ದು. ಕೋಳಿ, ಬಾತು, ನಾಯಿ, ಬೆಕ್ಕುಗಳಿಗೂ ಇದನ್ನು ಹಾಕಕೂಡದು.

ತೊಟ್ಟಿಯಲ್ಲಿ ಬಹುಕಾಲ ಬೆಳೆದ ಮೀನಿನಲ್ಲಿ ವಿಷವು ಕಡಮೆಯಾಗುವುದೆಂದು ತಜ್ಞರು ಕಂಡುಕೊಂಡಿದ್ದಾರೆ. ಆ ವಿಷವನ್ನು ಮೀನು ತಾನೇ ಉತ್ಪತ್ತಿಮಾಡದೆ ಹೊರಗಿನ ಆಹಾರದ ಮೂಲಕ ಪಡೆಯುವುದೇ ಇದಕ್ಕೆ ಕಾರಣ. ಆದರೂ ಅದನ್ನು ನೆಚ್ಚಿ ಯಾರೂ ಪರೀಕ್ಷೆಗೆ ಇಳಿಯಬಾರದು. ಮುಟ್ಟಿದರೆ ವಿಷವೇರದು. ತೊಟ್ಟಿಯ ನೀರಿನಲ್ಲಿ ಕೈಯಿಟ್ಟ ಮೇಲೆ ಸಾಬೂನಿನಿಂದ ತೊಳೆದುಕೊಂಡರೆ ಸಾಕು. ಆದರೆ ಬೆಳೆದ ಮೀನಿನ ಕೊಕ್ಕು ಮಕ್ಕಳ ಬೆರಳಿಗೆ ಗಾಯ ಮಾಡಬಲ್ಲುದು.

ಸಾಕಲಾರದವರು ಮೀನನ್ನು ಕೆರೆಗಾಗಲಿ ಬಾವಿಗಾಗಲಿ ಅಳಿವೆಗಾಗಲಿ ಬಿಡಕೂಡದು. ಕೊಂಡ ಅಂಗಡಿಗೆ ಹಿಂತಿರುಗಿಸಬೇಕು, ಅಥವಾ ದೊಡ್ಡ ತೊಟ್ಟಿಯುಳ್ಳ ಬೇರೊಬ್ಬರಿಗೆ ಕೊಡಬೇಕು. ಬದಲಿಸಿ ತೆಗೆದ ಸವಳು ನೀರನ್ನು ಹೂವಿನ ಗಿಡಗಳ ಬುಡಕ್ಕೂ ಹಿತ್ತಲಿನ ತರಕಾರಿಗೂ ಸುರಿಯಬಾರದು. ತೆಂಗಿನ ಮರವು ಅಷ್ಟು ಉಪ್ಪನ್ನು ತಡೆದುಕೊಳ್ಳುವುದು. ಸತ್ತ ಮೀನನ್ನು ತಿಪ್ಪೆಗೆ ಎಸೆಯದೆ, ನಾಯಿಗಳು ಕೆದಕಲಾರದಂತೆ ಎರಡು ಅಡಿ ಆಳದ ಗುಂಡಿಯಲ್ಲಿಟ್ಟು, ಮೇಲೆ ಸುಣ್ಣ ಹರಡಿ ಮಣ್ಣು ಮುಚ್ಚತಕ್ಕದ್ದು.